‘ಗೊತ್ತಿದ್ದರೆ’ ಎನ್ನುವ ಮಾಲೀಕರಿಗೆ ಒಂದು ಉತ್ತರ

ಹೋದ ತಿಂಗಳು ನಮ್ಮ ಜಿಲ್ಲಾ ಕೇಂದ್ರದಲ್ಲಿ ಉದ್ಯಮಿಗಳ ಸಭೆಯೊಂದು ನಡೆಯಿತು. ಕಾರ್ಖಾನೆ ಇನ್‌ಸ್ಪೆಕ್ಟರುಗಳ ಉಪದ್ರವದಿಂದ ಪಾರಾಗುವುದು ಹೇಗೆ ಎಂಬುದೇ ಅಲ್ಲಿಯ ಮುಖ್ಯ ವಿಚಾರ. ಯೂನಿಯನ್ನಿನ ಪರವಾಗಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಭಾಗ್ಯ ನನಗೂ ಒದಗಿತ್ತು. ಮಾತನಾಡಿದವರಲ್ಲಿ ಒಬ್ಬ ಮಹಾಶಯರು ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದರು: “ಅಪಾಯ ಇದೆಯೆಂದು ಗೊತ್ತಿದ್ದರೆ ಯಾವ ಮಾಲೀಕ ತಾನೆ ತನ್ನ ಕೆಲಸಗಾರರನ್ನು ಸಾಯಲು ಬಿಡುತ್ತಾನೆ? ಅವರು ನಮ್ಮ ಮನೆಯ ಮಕ್ಕಳಿದ್ದ ಹಾಗೆ. ನಮ್ಮನ್ನು ನಂಬಿ. ಸುರಕ್ಷತೆಯ ಸರ್ಟಿಫಿಕೇಟನ್ನು ನಾವೇ ಬರೆದುಕೊಡುತ್ತೇವೆ.” ಚಪ್ಪಾಳೆ ಬಿತ್ತು. ಆಮೇಲೆ ಉಪ್ಪಿಟ್ಟು, ಕಾಫಿ.

ಆ ಪ್ರಶ್ನೆಗೆ ಉತ್ತರ ಎಂದೋ ಬಂದಾಗಿದೆ. ಅದನ್ನು ಕೊಟ್ಟವರು ಅಮೆರಿಕಾ ದೇಶದ ಬಡ ಹೆಣ್ಣುಮಕ್ಕಳು; ಕೊಟ್ಟದ್ದು ತಮ್ಮ ಮೂಳೆಗಳಿಂದ.

ಪಕ್ಷದ ಕೆಲಸಕ್ಕೆ ಬರುವ ಮೊದಲು ನಾನು ಶಾಲಾ ಮೇಷ್ಟ್ರಾಗಿದ್ದವನು. ಮೇಡಂ ಕ್ಯೂರಿಯ ಪಾಠವನ್ನು ಪ್ರತಿ ವರ್ಷವೂ ಮಾಡಿದ್ದೇನೆ. 1898ರಲ್ಲಿ ಗಂಡಹೆಂಡಿರಿಬ್ಬರೂ ಸೇರಿ ರೇಡಿಯಂ ಕಂಡುಹಿಡಿದದ್ದು, ಹರಕು ಷೆಡ್ಡಿನಲ್ಲಿ ಪಟ್ಟ ಪಾಡು, ಎರಡು ನೊಬೆಲ್ ಬಹುಮಾನ, 1934ರಲ್ಲಿ ರಕ್ತ ಬತ್ತುವ ಕಾಯಿಲೆಯಿಂದ ಆಕೆ ತೀರಿಕೊಂಡದ್ದು, ಇದನ್ನೆಲ್ಲ ಹೇಳುವಾಗ ನನ್ನ ಗಂಟಲೂ ಕಟ್ಟುತ್ತಿತ್ತು. ಆಕೆ ಮಹಾತಾಯಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ರೇಡಿಯಮ್ಮನ್ನು ದಿನವೂ ತುಟಿಗಿಟ್ಟುಕೊಂಡು ಕೂಲಿ ಮಾಡಿದ ಗ್ರೇಸ್ ಫ್ರಯರ್, ಕ್ಯಾಥರೀನ್ ಶಾಬ್ ಎಂಬವರ ಹೆಸರು ನಾನು ಓದಿಸಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಉದ್ಯಮಿಗಳ ಸಭೆಯ ಮರುದಿನ ನಮ್ಮ ಕಚೇರಿಯಲ್ಲಿ ಈ ಕಥೆ ಹೇಳುತ್ತಿದ್ದೆ. ಹಮಾಲರ ಸಂಘದ ಹಿರಿಯರೊಬ್ಬರು ಗಾಬರಿಯಿಂದ ಕೇಳಿದರು: “ಮೇಷ್ಟ್ರೇ, ಬಸ್ ಸ್ಟ್ಯಾಂಡಿನ ಎದುರಿಗೆ ರೇಡಿಯಂ ಕಟಿಂಗ್ ಅಂತ ಬೋರ್ಡು ಹಾಕಿದಾರಲ್ಲ, ಅಲ್ಲಿ ನಮ್ಮ ತಮ್ಮನ ಮಗ ಕೆಲಸಕ್ಕವನೆ. ಅವನಿಗೇನಾದರೂ...?” ಇಲ್ಲ. ಲಾರಿ, ಆಟೋಗಳ ಮೇಲೆ ಅಂಟಿಸುವ ಆ ಹಾಳೆಗೆ ರೇಡಿಯಂ ಎಂಬ ಹೆಸರು ಮಾತ್ರ ಅಂಟಿದೆ, ವಸ್ತು ಇಲ್ಲ. ಅದು ಬಿದ್ದ ಬೆಳಕನ್ನು ಹಿಂದಕ್ಕೆ ಎಸೆಯುವ ಪ್ಲಾಸ್ಟಿಕ್ಕು. ಆ ಹುಡುಗನ ನಿಜವಾದ ತೊಂದರೆ ಹನ್ನೆರಡು ಗಂಟೆಯ ದುಡಿಮೆ. ಅದರ ಮಾತು ಬೇರೆ ದಿನ. ನಾನು ಹೇಳುತ್ತಿರುವುದು ಯಾವ ಬೆಳಕೂ ಬೀಳದಿದ್ದರೂ ಕತ್ತಲಲ್ಲಿ ತಾನೇ ಉರಿಯುವ ಬಣ್ಣದ ವಿಚಾರ.

ಆ ಬಣ್ಣ ಮಾಡುವುದು ಕಷ್ಟವೇನಲ್ಲ. ಜಿಂಕ್ ಸಲ್ಫೈಡ್ ಎಂಬ ಪುಡಿಗೆ ಕಣದಷ್ಟು ರೇಡಿಯಂ ಬೆರೆಸಬೇಕು, ಗೋಂದು ಮತ್ತು ನೀರು ಹಾಕಿ ಕಲಸಬೇಕು. ರೇಡಿಯಮ್ಮಿನ ಕಿರಣ ತಾಗಿದಾಗ ಆ ಪುಡಿ ಮಿಂಚುಹುಳದಂತೆ ಹಸಿರಾಗಿ ಹೊಳೆಯುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಕಂದಕದಲ್ಲಿದ್ದ ಸಿಪಾಯಿಗೆ ಕತ್ತಲಲ್ಲಿ ಗಂಟೆ ನೋಡಲು ಇಂಥ ಕೈಗಡಿಯಾರ ಬೇಕಾಯಿತು. ವಿಮಾನದ, ಹಡಗಿನ ಉಪಕರಣಗಳ ಮುಖಕ್ಕೂ ಬೇಕಾಯಿತು. ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಎಂಬ ಊರಿನಲ್ಲಿ 1917ರಲ್ಲಿ ಕಾರ್ಖಾನೆ ಎದ್ದಿತು. 1921ರಿಂದ ಅದರ ಹೆಸರು ಯುನೈಟೆಡ್ ಸ್ಟೇಟ್ಸ್ ರೇಡಿಯಂ ಕಾರ್ಪೊರೇಷನ್. ಬಣ್ಣದ ಹೆಸರು ‘ಅನ್‌ಡಾರ್ಕ್’.

ಕೆಲಸಕ್ಕೆ ಸೇರಿಸಿಕೊಂಡದ್ದು ಹುಡುಗಿಯರನ್ನು. ಬೆರಳು ಸಣ್ಣ, ಕೈ ಚುರುಕು, ಕೂಲಿ ಅಗ್ಗ. ಇನ್ನೂ ಹದಿನೈದರ ಆಸುಪಾಸಿನ ಮಕ್ಕಳೂ ಇದ್ದರು. ಒಂದು ಗಡಿಯಾರದ ಮುಖಕ್ಕೆ ಒಂದೂವರೆ ಸೆಂಟಿನ ಲೆಕ್ಕದಲ್ಲಿ ಕೂಲಿ. ಕೈ ಪಳಗಿದವಳು ದಿನಕ್ಕೆ ಸುಮಾರು 250 ಮುಖ ಬರೆಯುತ್ತಿದ್ದಳು. ಅಂಕಿಯ ಗೆರೆ ಕೂದಲೆಳೆಯಷ್ಟು ಸಣ್ಣ. ಒಂಟೆಯ ಕೂದಲಿನ ಕುಂಚ ನಾಲ್ಕು ಗೆರೆ ಎಳೆಯುವುದರೊಳಗೆ ಅಗಲವಾಗುತ್ತದೆ. ಅದಕ್ಕೆ ಉಪಾಯವೇನು? ಕುಂಚದ ತುದಿಯನ್ನು ತುಟಿಗಳ ನಡುವೆ ಇಟ್ಟು ಚೂಪು ಮಾಡು, ಬಣ್ಣದಲ್ಲಿ ಅದ್ದು, ಬರೆ. ಮತ್ತೆ ತುಟಿ, ಮತ್ತೆ ಬಣ್ಣ, ಮತ್ತೆ ಗೆರೆ.

ನಮ್ಮ ತಾಯಂದಿರು ಸೂಜಿಗೆ ದಾರ ಪೋಣಿಸುವಾಗ ಎಳೆಯ ತುದಿಯನ್ನು ಬಾಯಲ್ಲಿ ನೆನೆಸಿ ಹೊಸೆಯುವುದನ್ನು ನೋಡಿದ್ದೀರಲ್ಲ, ಅದೇ ಸಹಜವಾದ ಕ್ರಿಯೆ. ಅದನ್ನೇ ಮೇಲ್ವಿಚಾರಕಿಯರು ಆ ಹುಡುಗಿಯರಿಗೆ ಕಲಿಸಿದರು. ಇದರಿಂದ ಏನೂ ಆಗುವುದಿಲ್ಲವೇ ಎಂದು ಕೇಳಿದವರಿಗೆ ಏನೂ ಆಗುವುದಿಲ್ಲ, ಕೆನ್ನೆಗೆ ಒಳ್ಳೆಯ ಬಣ್ಣ ಬರುತ್ತದೆ ಎಂದರು. ಹುಡುಗಿಯರು ನಂಬಿದರು. ತಮಾಷೆಗೆ ಉಗುರಿಗೆ ಬಳಿದುಕೊಂಡರು, ಹಲ್ಲಿಗೆ ಬಳಿದುಕೊಂಡು ಕತ್ತಲಲ್ಲಿ ನಕ್ಕರು. ಗ್ರೇಸ್ ಫ್ರಯರ್ ರಾತ್ರಿ ಮೂಗು ಸೀಟಿಕೊಂಡರೆ ಕರವಸ್ತ್ರ ಹೊಳೆಯುತ್ತಿತ್ತು.

ಈಗ ಅದೇ ಕಟ್ಟಡದ ಇನ್ನೊಂದು ಕೋಣೆಗೆ ಬನ್ನಿ. ಅದು ರಸಾಯನ ಶಾಲೆ. ಅಲ್ಲಿ ರೇಡಿಯಮ್ಮನ್ನು ಶುದ್ಧಿ ಮಾಡುವ ಪಂಡಿತರಿದ್ದರು. ಅವರು ಅದನ್ನು ಮುಟ್ಟುತ್ತಿದ್ದುದು ಇಕ್ಕಳದಿಂದ. ಅವರ ಮೈಗೂ ರೇಡಿಯಮ್ಮಿಗೂ ನಡುವೆ ಸೀಸದ ತಡೆ. ರೇಡಿಯಂ ಮೈ ಸುಡುತ್ತದೆಂಬುದು ಆ ಶತಮಾನದ ಮೊದಲ ವರ್ಷಗಳಿಂದಲೇ ವಿಜ್ಞಾನಿಗಳಿಗೆ ತಿಳಿದ ಸಂಗತಿ. ಕಂಪೆನಿಯನ್ನು ಕಟ್ಟಿದ ಡಾಕ್ಟರ್ ಸೆಬಿನ್ ವಾನ್ ಸೊಖೋಕಿಯೇ, ಬೆರಳಿನ ತುದಿಗೆ ರೇಡಿಯಂ ಹೊಕ್ಕಿತೆಂದು ಆ ತುದಿಯನ್ನೇ ಕತ್ತರಿಸಿಕೊಂಡಿದ್ದ. ಒಮ್ಮೆ ಆತ ಕೆಲಸದ ಕೋಣೆಯಲ್ಲಿ ಹಾದುಹೋಗುವಾಗ ಗ್ರೇಸ್ ಕುಂಚವನ್ನು ತುಟಿಗಿಡುವುದನ್ನು ಕಂಡು, ಹಾಗೆ ಮಾಡಬೇಡ, ಕಾಯಿಲೆ ಬೀಳುತ್ತೀ ಎಂದನಂತೆ. ಆಕೆ ಮುಂದೆ ಇದನ್ನು ಸಾಕ್ಷ್ಯವಾಗಿ ಹೇಳಿದಳು. ಹಾದುಹೋಗುವಾಗ ಹೇಳಿದ ಒಂದು ಮಾತು! ಆ ಮಾತನ್ನು ಗೋಡೆಯ ಮೇಲೆ ಬರೆಸಬಹುದಾಗಿತ್ತು. ಕುಂಚದ ಬದಲು ಗಾಜಿನ ಕಡ್ಡಿ ಕೊಡಬಹುದಾಗಿತ್ತು. ಸ್ವಿಜರ್ಲೆಂಡಿನ ಗಡಿಯಾರದ ಕೆಲಸಗಾರರು ಅದನ್ನೇ ಬಳಸುತ್ತಿದ್ದರು. ಆದರೆ ಕಡ್ಡಿಯಿಂದ ಬರೆದರೆ ಕೆಲಸ ನಿಧಾನ.

ಹೀಗೆ ತಿಳಿವಳಿಕೆ ಒಂದು ಕೋಣೆಯಲ್ಲಿತ್ತು, ಕುಂಚ ಇನ್ನೊಂದು ಕೋಣೆಯಲ್ಲಿತ್ತು. ನಡುವಿನ ಬಾಗಿಲಿನ ಕೀಲಿ ಯಾರ ಕೈಯಲ್ಲಿತ್ತೆಂದು ನಮ್ಮ ಮಹಾಶಯರು ಹೇಳಲಿ.

ರೇಡಿಯಂ ಹೊಟ್ಟೆಗೆ ಹೋದರೆ ಏನಾಗುತ್ತದೆ? ದೇಹ ಅದನ್ನು ಸುಣ್ಣದಂಶವೆಂದು ತಪ್ಪು ತಿಳಿಯುತ್ತದೆ. ರಸಾಯನದ ಗುಣದಲ್ಲಿ ಎರಡೂ ಒಂದೇ ಕುಲದವು. ಆದ್ದರಿಂದ ಒಂದು ಪಾಲು ಮೂಳೆಯಲ್ಲಿ ಹೋಗಿ ಕೂರುತ್ತದೆ. ಅದು ಬಿಡುವ ಮುಖ್ಯ ಕಿರಣವನ್ನು ಹೊರಗಿದ್ದಾಗ ಒಂದು ಹಾಳೆ ಕಾಗದವೂ ತಡೆಯಬಲ್ಲದು. ಮೂಳೆಯ ಒಳಗೆ ಕುಳಿತರೆ ತಡೆಯುವವರಿಲ್ಲ. ಇಂದು ಇದ್ದ ರೇಡಿಯಂ ಅರ್ಧವಾಗಲು ಸುಮಾರು 1600 ವರ್ಷ ಬೇಕು. ಮನುಷ್ಯನ ಆಯುಷ್ಯವೆಲ್ಲ ಅದಕ್ಕೆ ಒಂದು ಕ್ಷಣ. ಹಗಲೂ ರಾತ್ರಿಯೂ ಮೂಳೆಯನ್ನೂ, ರಕ್ತ ಹುಟ್ಟುವ ಅದರ ಮಜ್ಜೆಯನ್ನೂ ಕೊರೆಯುತ್ತಲೇ ಇರುತ್ತದೆ.

ಮೊದಲು ಒಂದು ಹಲ್ಲು ನೋವು. ಮಾಲಿ ಮಾಜಿಯಾ ಎಂಬವಳಿಗೆ ಹಾಗೆಯೇ ಆರಂಭವಾಯಿತು. ಕಿತ್ತ ಹಲ್ಲಿನ ಗಾಯ ಮಾಯಲಿಲ್ಲ, ಪಕ್ಕದ ಹಲ್ಲು ಹೋಯಿತು, ಒಸಡು ಕೊಳೆಯಿತು, ಕೊನೆಗೆ ದಂತವೈದ್ಯನ ಬೆರಳಿನ ಹಿಡಿತಕ್ಕೆ ದವಡೆಯ ಮೂಳೆಯೇ ಕಿತ್ತುಬಂದಿತು. 1922ರ ಸೆಪ್ಟೆಂಬರಿನಲ್ಲಿ ಸತ್ತಳು, ವಯಸ್ಸು 24. ಸಾವಿನ ಸರ್ಟಿಫಿಕೇಟಿನಲ್ಲಿ ಬರೆದ ಕಾರಣ ಸಿಫಿಲಿಸ್! ಐದು ವರ್ಷ ಆ ಕಳಂಕ ಸತ್ತವಳ ಹೆಸರಿನ ಮೇಲೆ ನಿಂತಿತ್ತು. 1927ರ ಅಕ್ಟೋಬರಿನಲ್ಲಿ ಗೋರಿ ಅಗೆದು ಪರೀಕ್ಷಿಸಿದಾಗ ಆಕೆಯ ಮೂಳೆಗಳೆಲ್ಲ ಕಿರಣ ಬಿಡುತ್ತಿದ್ದವು. ಆ ರೋಗದ ಗುರುತು ಎಲ್ಲಿಯೂ ಇರಲಿಲ್ಲ. ಬಡವರ ಹೆಣ್ಣು ಕೆಲಸದಿಂದ ಸತ್ತರೆ ನಡತೆಯಿಂದ ಸತ್ತಳೆಂದು ಬರೆಯುವುದು ಎಲ್ಲ ದೇಶಗಳಿಗೂ ಬರುವ ವಿದ್ಯೆ.

ಇದುವರೆಗೆ ಹೇಳಿದ್ದಕ್ಕೆ ಮಹಾಶಯರು “ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ” ಎನ್ನಬಹುದು. ಒಳ್ಳೆಯದು. 1924ಕ್ಕೆ ಬನ್ನಿ. ಹುಡುಗಿಯರು ಒಬ್ಬೊಬ್ಬರಾಗಿ ಬೀಳುತ್ತಿದ್ದಾಗ ಕಂಪೆನಿ ತಾನೇ ದುಡ್ಡು ಕೊಟ್ಟು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸೆಸಿಲ್ ಡ್ರಿಂಕರ್ ಎಂಬ ವಿದ್ವಾಂಸನನ್ನು ಕರೆಸಿತು. ಡ್ರಿಂಕರ್ ತಂಡ ಹುಡುಗಿಯರನ್ನು ಕತ್ತಲೆ ಕೋಣೆಯಲ್ಲಿ ನಿಲ್ಲಿಸಿ ನೋಡಿದರೆ ಕೂದಲು, ಮುಖ, ತೋಳು, ಒಳಬಟ್ಟೆ ಸಹ ಹೊಳೆಯುತ್ತಿದ್ದವು. ರೇಡಿಯಮ್ಮೇ ಕಾರಣ, ತಕ್ಷಣ ಮುನ್ನೆಚ್ಚರಿಕೆ ವಹಿಸಬೇಕು ಎಂಬರ್ಥದ ವರದಿಯನ್ನು ಅವರು 1924ರ ಜೂನ್ ತಿಂಗಳಲ್ಲಿ ಕಂಪೆನಿಯ ಅಧ್ಯಕ್ಷ ಆರ್ಥರ್ ರೋಡರ್ ಕೈಗೆ ಕೊಟ್ಟರು. ಈಗ ಗೊತ್ತಾಯಿತಲ್ಲ? ಮನೆಯ ಮಕ್ಕಳಿದ್ದ ಹಾಗೆ ಎನ್ನುವವನು ಮರುದಿನವೇ ಏನು ಮಾಡಬೇಕಿತ್ತು?

ಕಂಪೆನಿ ಮಾಡಿದ್ದು ಇದು: ವರದಿಯನ್ನು ಮುಚ್ಚಿಟ್ಟಿತು. ಸಂಸ್ಥಾನದ ಕಾರ್ಮಿಕ ಇಲಾಖೆಗೆ ಅದರ ಸಾರಾಂಶವೆಂದು ಬೇರೊಂದನ್ನು ಕಳಿಸಿತು. ಅದರಲ್ಲಿ ಎಲ್ಲ ಹುಡುಗಿಯರೂ ಪೂರ್ಣ ಆರೋಗ್ಯವಾಗಿದ್ದಾರೆಂದು ಡ್ರಿಂಕರ್ ಹೆಸರಿನಲ್ಲೇ ಹೇಳಿತ್ತು. ಹಾರ್ವರ್ಡಿನಲ್ಲಿಯೇ ಇದ್ದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಎಂಬ ಧೀರ ಮಹಿಳೆಯೂ, ಕನ್ಸ್ಯೂಮರ್ಸ್ ಲೀಗಿನ ಕ್ಯಾಥರೀನ್ ವೈಲಿಯೂ ಬೆನ್ನು ಹತ್ತಿದ್ದರಿಂದ ಈ ಮೋಸ ಬಯಲಾಯಿತು. ಡ್ರಿಂಕರ್ ತನ್ನ ನಿಜವಾದ ವರದಿಯನ್ನು ಅಚ್ಚು ಹಾಕಿಸಲು ಹೊರಟಾಗ ಕೋರ್ಟಿಗೆಳೆಯುವ ಬೆದರಿಕೆ ಬಂತು. ಆದರೂ 1925ರಲ್ಲಿ ಆತ ಅದನ್ನು ಪ್ರಕಟಿಸಿದ. ಅದೇ ವರ್ಷ ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಸರ್ಕಾರಿ ವೈದ್ಯ ಹುಡುಗಿಯರ ಉಸಿರನ್ನೇ ಅಳೆದು, ಮೈಯೊಳಗೆ ರೇಡಿಯಂ ಇದೆಯೆಂದು ಸಾಬೀತು ಮಾಡಿದ. ರೇಡಿಯಂ ಒಡೆಯುವಾಗ ರೇಡಾನ್ ಎಂಬ ಅನಿಲ ಹುಟ್ಟಿ ಉಸಿರಿನಲ್ಲಿ ಹೊರಬರುತ್ತದೆ. ಅದನ್ನು ಹಿಡಿದು ಅಳೆಯಬಹುದು. ಬದುಕಿದ್ದವರ ಮೈಯಲ್ಲಿಯೇ ಸಾಕ್ಷಿ ಸಿಕ್ಕಂತಾಯಿತು.

ಕಂಪೆನಿ ಇನ್ನೊಬ್ಬ ಪಂಡಿತನನ್ನು ಹುಡುಕಿಕೊಂಡಿತು. ಫ್ರೆಡರಿಕ್ ಫ್ಲಿನ್ ಎಂದು ಹೆಸರು, ಕೊಲಂಬಿಯಾ ವಿಶ್ವವಿದ್ಯಾನಿಲಯದವನು. ಹುಡುಗಿಯರನ್ನು ಪರೀಕ್ಷೆ ಮಾಡಿ, ನಿಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳಿ ಕಳಿಸುತ್ತಿದ್ದ. ಆತ ವೈದ್ಯನೇ ಅಲ್ಲವೆಂಬುದು ಆಮೇಲೆ ಬಯಲಾಯಿತು. ಸರ್ಟಿಫಿಕೇಟನ್ನು ನಾವೇ ಬರೆದುಕೊಡುತ್ತೇವೆ ಎನ್ನುವವರು ಫ್ಲಿನ್ ಸಾಹೇಬನ ಭಾವಚಿತ್ರವನ್ನು ಆಫೀಸಿನಲ್ಲಿ ತೂಗುಹಾಕಿಕೊಳ್ಳಬಹುದು.

ಕೋರ್ಟಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ನಮಗೆ ಪರಿಚಿತವಾದದ್ದೇ. ಗ್ರೇಸ್ ಫ್ರಯರ್ ವಕೀಲನಿಗಾಗಿ ಎರಡು ವರ್ಷ ಅಲೆದಳು. ಕೊನೆಗೆ ರೇಮಂಡ್ ಬೆರಿ ಎಂಬ ಯುವಕ ಒಪ್ಪಿದ. 1927ರಲ್ಲಿ ಗ್ರೇಸ್, ಕ್ಯಾಥರೀನ್ ಶಾಬ್, ಎಡ್ನಾ ಹಸ್‌ಮನ್, ಮತ್ತೆ ಸತ್ತ ಮಾಲಿಯ ಅಕ್ಕತಂಗಿಯರಾದ ಕ್ವಿಂಟಾ ಮತ್ತು ಆಲ್ಬಿನಾ, ಈ ಐವರು ದಾವೆ ಹೂಡಿದರು. ನ್ಯೂಜೆರ್ಸಿಯ ಕಾನೂನಿನ ಪ್ರಕಾರ ಹಾನಿಯಾದ ಎರಡು ವರ್ಷದೊಳಗೆ ದಾವೆ ಹಾಕಬೇಕು. ರೇಡಿಯಮ್ಮಿನ ವಿಷ ಹೊರಕ್ಕೆ ಕಾಣುವುದಕ್ಕೇ ಐದಾರು ವರ್ಷ ಬೇಕು. ನೋವು ಬಂದಾಗ ಗಡುವು ಮುಗಿದಿದೆ! 1928ರ ಜನವರಿಯಲ್ಲಿ ಅವರು ಕೋರ್ಟಿಗೆ ಬಂದಾಗ ಪ್ರಮಾಣ ಮಾಡಲು ಕೈ ಎತ್ತುವ ಶಕ್ತಿಯೂ ಅವರಲ್ಲಿರಲಿಲ್ಲ. ಏಪ್ರಿಲ್‌ನಲ್ಲಿ ವಿಚಾರಣೆಯನ್ನು ಸೆಪ್ಟೆಂಬರಿಗೆ ಮುಂದೂಡಿದರು. ಕಾರಣ, ಕಂಪೆನಿಯ ಸಾಕ್ಷಿದಾರರು ಬೇಸಿಗೆಯ ರಜಕ್ಕೆ ಯೂರೋಪಿಗೆ ಹೋಗುತ್ತಾರೆ. ಸಾಯುತ್ತಿರುವವರು ಕಾಯಬೇಕು, ವಿಹಾರಕ್ಕೆ ಹೋದವರು ಬರುವ ತನಕ. ಪತ್ರಿಕೆಗಳು ಛೀಮಾರಿ ಹಾಕಿದವು. ವಾಲ್ಟರ್ ಲಿಪ್‌ಮನ್ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಕೆಂಡ ಕಾರಿದ. ಜೂನ್‌ನಲ್ಲಿ ರಾಜಿಯಾಯಿತು: ತಲೆಗೆ 10,000 ಡಾಲರು, ಬದುಕಿರುವ ತನಕ ವರ್ಷಕ್ಕೆ 600 ಡಾಲರು, ಔಷಧಿಯ ಖರ್ಚು. ತಪ್ಪು ಮಾತ್ರ ಒಪ್ಪಲಿಲ್ಲ. ವರ್ಷಕ್ಕೆ ಇಷ್ಟೆಂದು ಒಪ್ಪಿಕೊಳ್ಳುವಾಗ, ಎಷ್ಟು ವರ್ಷ ಕೊಡಬೇಕಾದೀತೆಂಬ ಅಂದಾಜು ಕಂಪೆನಿಗೆ ಇರಲಿಲ್ಲವೆಂದು ನಂಬುವಷ್ಟು ನಾನು ಮುಗ್ಧನಲ್ಲ. ಗ್ರೇಸ್ 1933ರಲ್ಲಿ ತೀರಿಕೊಂಡಳು. ವಾನ್ ಸೊಖೋಕಿ ಅವಳಿಗಿಂತ ಮೊದಲೇ, 1928ರ ನವೆಂಬರಿನಲ್ಲಿ, ಅದೇ ವಿಷದಿಂದ ಸತ್ತ. ರೇಡಿಯಮ್ಮಿಗೆ ವರ್ಗಭೇದವಿಲ್ಲ, ಅದು ಇರುವುದು ಅದನ್ನು ಹಂಚುವವರಲ್ಲಿ.

ಈ ಮಾತಿಗೆ ಪುರಾವೆ ಬೇಕೆ? ಅದೇ ಕಾಲದಲ್ಲಿ ‘ರೇಡಿಥಾರ್’ ಎಂಬ ರೇಡಿಯಂ ನೀರನ್ನು ಶೀಷೆಯಲ್ಲಿ ತುಂಬಿ ಟಾನಿಕ್ಕೆಂದು ಮಾರುತ್ತಿದ್ದರು. ಪಿಟ್ಸ್‌ಬರ್ಗಿನ ಶ್ರೀಮಂತ ಉದ್ಯಮಿ ಎಬೆನ್ ಬೈಯರ್ಸ್ ಅದನ್ನು ವರ್ಷಗಟ್ಟಲೆ ಕುಡಿದ. ದವಡೆ ಕೊಳೆಯಿತು, 1932ರ ಮಾರ್ಚಿಯಲ್ಲಿ ಸತ್ತ. ಆತನ ಸಾವಿನಿಂದ ದೇಶವೆಲ್ಲ ಬೆಚ್ಚಿಬಿದ್ದಿತು, ಸರ್ಕಾರದ ಮಂಡಳಿಗಳು ಓಡಾಡಿದವು, ರೇಡಿಯಂ ಟಾನಿಕ್ಕುಗಳ ವ್ಯಾಪಾರ ಕುಸಿಯಿತು. ಬೈಯರ್ಸನ ಬಗ್ಗೆ ನನಗೆ ಮರುಕವೇ ಇದೆ; ಪಾಪ, ಆತನೂ ಜಾಹೀರಾತು ನಂಬಿದವನು. ಆದರೆ ಮಾಲಿ ಮಾಜಿಯಾ ಅದೇ ರೀತಿಯಲ್ಲಿ ಸತ್ತು ಆಗಲೇ ಹತ್ತು ವರ್ಷವಾಗುತ್ತ ಬಂದಿತ್ತು.

ಇನ್ನು ಇಲಿನಾಯ್ ಸಂಸ್ಥಾನದ ಆಟವಾ ಪಟ್ಟಣ. ಮಹಾಶಯರ ‘ಗೊತ್ತಿದ್ದರೆ’ ಎಂಬ ಪದಕ್ಕೆ ಸಂಸ್ಕಾರ ನಡೆದದ್ದು ಅಲ್ಲಿ. ರೇಡಿಯಂ ಡಯಲ್ ಕಂಪೆನಿ 1922ರ ಹೊತ್ತಿಗೆ ಅಲ್ಲಿ ಒಂದು ಹಳೆಯ ಹೈಸ್ಕೂಲು ಕಟ್ಟಡದಲ್ಲಿ ಕೆಲಸ ಹೂಡಿತ್ತು. (ಮೇಷ್ಟ್ರಾದವನಿಗೆ ಈ ವಿವರ ಓದುವುದು ಸುಲಭವಲ್ಲ.) ನ್ಯೂಜೆರ್ಸಿಯ ಸುದ್ದಿ ಬಂದಮೇಲೆ ಕಂಪೆನಿ ತನ್ನ ಹುಡುಗಿಯರನ್ನು 1925ರಲ್ಲೂ 1928ರಲ್ಲೂ ಪರೀಕ್ಷೆ ಮಾಡಿಸಿತು. ಕೆಲವರ ಮೈಯಲ್ಲಿ ರೇಡಿಯಂ ಇದೆಯೆಂದು ಲೆಕ್ಕ ಬಂತು. ಆ ಲೆಕ್ಕವನ್ನು ಅವರಿಗೆ ತಿಳಿಸಲಿಲ್ಲ. ಬದಲಿಗೆ 1928ರಲ್ಲಿ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು: ನ್ಯೂಜೆರ್ಸಿಯ ಬಣ್ಣದಲ್ಲಿ ಮೆಸೊಥೋರಿಯಂ ಬೆರೆತಿತ್ತು, ಕೆಡುಕು ಅದರದು, ನಮ್ಮದು ಶುದ್ಧ ರೇಡಿಯಂ, ಭಯವಿಲ್ಲ! ಶುದ್ಧ ವಿಷ ಎಂದು ಹೆಮ್ಮೆಪಟ್ಟ ವ್ಯಾಪಾರಿಯನ್ನು ಬೇರೆಲ್ಲಿ ಕಂಡೀರಿ?

ಕ್ಯಾಥರೀನ್ ಡೊನಹ್ಯೂ ಎಂಬಾಕೆ ಆ ಜಾಹೀರಾತನ್ನು ನಂಬಿ ಕೆಲಸ ಮುಂದುವರಿಸಿದವಳು. ಕುಂಟತೊಡಗಿದಾಗ, ಆಕೆಯನ್ನು ನೋಡಿ ಬೇರೆಯವರು ಮಾತಾಡಿಕೊಳ್ಳುತ್ತಾರೆಂದು ಕೆಲಸದಿಂದ ತೆಗೆದರು. 1938ರ ಫೆಬ್ರವರಿಯಲ್ಲಿ ಆಕೆಯ ವಿಚಾರಣೆ. ತನ್ನ ಕಾಯಿಲೆಗೆ ಮದ್ದಿಲ್ಲವೆಂದು ವೈದ್ಯರ ಬಾಯಿಂದ ಕೇಳಿ ಅಲ್ಲಿಯೇ ಕುಸಿದಳು. ಮರುದಿನ ವಿಚಾರಣೆಯನ್ನು ಆಕೆಯ ಮನೆಗೇ ಒಯ್ದರು. ಮೂವತ್ತು ಕೇಜಿಯ ಆಸುಪಾಸಿಗೆ ಇಳಿದಿದ್ದ ಆ ಹೆಣ್ಣುಮಗಳು ಮಂಚದ ಮೇಲೆ ಮಲಗಿ ಕುಂಚವನ್ನು ತುಟಿಗಿಡುತ್ತಿದ್ದ ಬಗೆಯನ್ನು ತೋರಿಸಿದಳು. ಲಿಯೊನಾರ್ಡ್ ಗ್ರಾಸ್‌ಮನ್ ಎಂಬ ವಕೀಲ ಒಂದು ಕಾಸೂ ಪಡೆಯದೆ ವಾದಿಸಿದ. ಏಪ್ರಿಲ್‌ನಲ್ಲಿ ಆಕೆ ಗೆದ್ದಳು, ಕಂಪೆನಿ ಅಪೀಲು ಹೋಯಿತು, ಜುಲೈ 27ರಂದು ಆಕೆ ಸತ್ತಳು. 1939ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಂಪೆನಿಯ ಕೊನೆಯ ಅಪೀಲನ್ನು ತಳ್ಳಿಹಾಕಿತು. ಕಂಪೆನಿ ಅಷ್ಟರಲ್ಲಿ ಊರು ಬಿಟ್ಟಾಗಿತ್ತು. ಪರಿಹಾರಕ್ಕೆ ಉಳಿದದ್ದು ಠೇವಣಿಯಿಟ್ಟಿದ್ದ 10,000 ಡಾಲರು ಮಾತ್ರ. ಅದೇ ಕಂಪೆನಿಯ ಅಧ್ಯಕ್ಷನಾಗಿದ್ದ ಜೋಸೆಫ್ ಕೆಲ್ಲಿ ಅದೇ ಊರಿನಲ್ಲಿ ‘ಲ್ಯೂಮಿನಸ್ ಪ್ರೊಸೆಸಸ್’ ಎಂಬ ಹೊಸ ಬೋರ್ಡಿನ ಕೆಳಗೆ ಅದೇ ಕೆಲಸ ಶುರು ಮಾಡಿದ್ದ. ಅದು 1978ರವರೆಗೂ ನಡೆಯಿತು.

ರೇಡಿಯಂ ಬಣ್ಣವನ್ನು ಅಪಾಯವಿಲ್ಲದೆ ಬಳಸಲು ದೊಡ್ಡ ವಿದ್ಯೆಯೇನೂ ಬೇಕಿರಲಿಲ್ಲ. ಬಾಯಿಗೆ ಇಡಬಾರದು. ಕೆಲಸದ ಕೋಣೆಯಲ್ಲಿ ತಿನ್ನಬಾರದು. ಧೂಳನ್ನು ಎಳೆದು ಹೊರಹಾಕುವ ಗೂಡಿನೊಳಗೆ ಕೈಯಿಟ್ಟು ಕೆಲಸ ಮಾಡಬೇಕು. ಉಡುಪು ಅಲ್ಲಿಯೇ ಬದಲಿಸಬೇಕು. ಕತ್ತಲಲ್ಲಿ ಕೈ ಹಿಡಿದು ಹೊಳಪು ಹೋಗುವ ತನಕ ತೊಳೆಯಬೇಕು. ಆಗಾಗ್ಗೆ ಉಸಿರು ಅಳೆಯಬೇಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅಮೆರಿಕಾ ಸರ್ಕಾರ ಇದನ್ನೇ ನಿಯಮವಾಗಿ ಬರೆಯಿತು. 1941ರಲ್ಲಿ ಒಂದು ಮಿತಿಯನ್ನೂ ಗೊತ್ತುಮಾಡಿತು: ಒಬ್ಬ ಕೆಲಸಗಾರನ ಮೈಯಲ್ಲಿ 0.1 ಮೈಕ್ರೊಗ್ರಾಮಿಗಿಂತ ಹೆಚ್ಚು ರೇಡಿಯಂ ಇರಕೂಡದು. ಅಂದರೆ ಒಂದು ಗ್ರಾಮನ್ನು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಈ ಅಂಕಿ ಎಲ್ಲಿಂದ ಬಂತು? ಆ ಹುಡುಗಿಯರ ಮೈಯಿಂದ. ಯಾರ ಮೂಳೆಯಲ್ಲಿ ಎಷ್ಟಿತ್ತು, ಯಾರು ಉಳಿದರು, ಯಾರು ಸತ್ತರು ಎಂಬ ಪಟ್ಟಿಯಿಂದ. ಅಣುಬಾಂಬಿನ ಕೆಲಸದಲ್ಲಿ ಪ್ಲುಟೋನಿಯಂ ಮುಟ್ಟುವವರಿಗೆ ಇಟ್ಟ ಮಿತಿಯೂ ಇದೇ ಲೆಕ್ಕವನ್ನು ಹಿಡಿದು ಹೊರಟದ್ದು. ಮಿತಿ ಗೊತ್ತುಮಾಡುವ ಸಮಿತಿಯಲ್ಲಿದ್ದ ರಾಬ್ಲಿ ಇವ್ಯಾನ್ಸ್, ಈ ಮಟ್ಟದಲ್ಲಿ ನಿಮ್ಮ ಹೆಂಡತಿಯನ್ನೋ ಮಗಳನ್ನೋ ಬಿಡಲು ನಿಮಗೆ ಸಮಾಧಾನವೇ ಎಂದು ಸದಸ್ಯರನ್ನು ತಾನು ಕೇಳಿದ್ದಾಗಿ ಮುಂದೆ ನೆನಪಿಸಿಕೊಂಡಿದ್ದಾನೆ. ಸರಿಯಾದ ಪ್ರಶ್ನೆ. ಅದನ್ನು 1917ರಲ್ಲಿ ಆರೆಂಜಿನಲ್ಲಿ ಕೇಳುವವರಿರಲಿಲ್ಲ, ಏಕೆಂದರೆ ಅಲ್ಲಿ ಕುಳಿತಿದ್ದವರು ಬೇರೆಯವರ ಮಗಳಂದಿರು.

“ಇದೆಲ್ಲ ನೂರು ವರ್ಷದ ಹಿಂದಿನ ಅಮೆರಿಕಾದ ಕಥೆ, ನಮಗೇಕೆ?” ಎನ್ನುವವರಿಗೆ ದೆಹಲಿಯನ್ನು ತೋರಿಸುತ್ತೇನೆ. ಅಲ್ಲಿದ್ದದ್ದು ಬಣ್ಣವಲ್ಲ, ಆದರೆ ಕಿರಣ ಬಿಡುವ ವಸ್ತುವೇ. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕೋಬಾಲ್ಟ್-60 ತುಂಬಿದ್ದ ಯಂತ್ರವೊಂದು 1985ರಿಂದ ಉಪಯೋಗವಿಲ್ಲದೆ ಬಿದ್ದಿತ್ತು. 2010ರ ಫೆಬ್ರವರಿಯಲ್ಲಿ ಅದನ್ನು ಹರಾಜಿನಲ್ಲಿ ಗುಜರಿಗೆ ಮಾರಿದರು. ಮಾಯಾಪುರಿ ಗುಜರಿ ಪೇಟೆಯ ಕೂಲಿಗಳು ಅದನ್ನು ಬರಿಗೈಯಲ್ಲಿ ಒಡೆದರು. ಏಪ್ರಿಲ್‌ನಲ್ಲಿ ಅವರ ಚರ್ಮ ಕಪ್ಪಾಯಿತು, ಕೂದಲು ಉದುರಿತು. ಒಬ್ಬ ಕೂಲಿ ಸತ್ತ. ಕೋಬಾಲ್ಟ್ ಎಂದರೇನೆಂದು ಮಾರಿದವರ ಮನೆಯಲ್ಲೇ ಪಾಠ ಹೇಳುವವರಿದ್ದರು. ಮತ್ತೆ ಅದೇ: ತಿಳಿವಳಿಕೆ ಒಂದು ಕೋಣೆಯಲ್ಲಿ, ಸುತ್ತಿಗೆ ಇನ್ನೊಂದು ಬೀದಿಯಲ್ಲಿ.

ನಮ್ಮ ಪೇಟೆಯಲ್ಲಿಯೂ ಒಂದು ಸಂಗತಿ ನೋಡಿ. ಹಳೆಯ ಗಡಿಯಾರ ರಿಪೇರಿ ಮಾಡುವ ನನ್ನ ಗೆಳೆಯರೊಬ್ಬರಿದ್ದಾರೆ. ಯುದ್ಧಕಾಲದ ಒಂದು ಕೈಗಡಿಯಾರ ಬಿಚ್ಚಿ, ಅಂಕಿಗಳ ಮೇಲೆ ಕಂದು ಬಣ್ಣಕ್ಕೆ ತಿರುಗಿದ ಹಳೆಯ ಲೇಪವನ್ನು ಚಾಕುವಿನ ತುದಿಯಿಂದ ಕೆರೆದು, ‘ಫೂ’ ಎಂದು ಊದಿದರು. ಪಕ್ಕದಲ್ಲೇ ಚಹದ ಲೋಟ. ಕೇಳಿದರೆ, “ಈಗ ಅದು ಹೊಳೆಯೋದೇ ಇಲ್ವಲ್ಲ ಮೇಷ್ಟ್ರೇ, ಸತ್ತುಹೋಗಿದೆ” ಎಂದರು. ಸತ್ತಿರುವುದು ಹೊಳೆಯುವ ಪುಡಿ. ರೇಡಿಯಂ ಹಾಕಿದ್ದರೆ ಅದು ಹಾಗೆಯೇ ಇದೆ, ಇನ್ನೂ ಸಾವಿರಾರು ವರ್ಷ ಇರುತ್ತದೆ. ರೇಡಿಯಂ ಬಣ್ಣದ ಬಳಕೆ 1960ರ ದಶಕದಿಂದ ಕಡಿಮೆಯಾಗುತ್ತ ಹೋಯಿತು. ಆಮೇಲೆ ಟ್ರಿಷಿಯಂ ಬಂತು, 1990ರ ದಶಕದಿಂದ ಕಿರಣವೇ ಇಲ್ಲದ ಬಣ್ಣ ಬಂದಿದೆ. ಆದ್ದರಿಂದ ಹೊಸ ಗಡಿಯಾರದ ಭಯ ಬೇಡ. ಹಳೆಯದನ್ನು ಕೆರೆಯಬೇಡಿ, ಊದಬೇಡಿ, ಆ ಮೇಜಿನ ಮೇಲೆ ತಿನ್ನಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆಯಿರಿ, ಬಿಚ್ಚಿದ ಮುಖಗಳನ್ನು ಮುಚ್ಚಿದ ಡಬ್ಬಿಯಲ್ಲಿ ದೂರ ಇಡಿ. ಇಷ್ಟನ್ನು ಅವರಿಗೆ ಹೇಳಲು ಮೆಟ್ರಿಕ್ ಓದಿದ ಒಬ್ಬ ಮಾಜಿ ಮೇಷ್ಟ್ರು ಬರಬೇಕಾಯಿತು. ಮೂವತ್ತು ವರ್ಷದ ಕಸುಬಿನಲ್ಲಿ ಬೇರೆ ಯಾರೂ ಹೇಳಿರಲಿಲ್ಲ.

ಈಗ ಮಹಾಶಯರ ಬೇಡಿಕೆಗೆ ಬರೋಣ. ಇನ್‌ಸ್ಪೆಕ್ಟರು ಬೇಡ ಎಂಬ ಅವರ ಕೂಗನ್ನು ದೆಹಲಿಯವರು ಅರ್ಧ ಈಡೇರಿಸಿಯೂ ಆಗಿದೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ವಿದ್ಯುತ್ತಿನಿಂದ ನಡೆಯುವ ಕಡೆ ಹತ್ತು ಜನ ಇದ್ದರೆ ಅದು ಕಾರ್ಖಾನೆ. ಅದರ ಮೂರನೆಯ ಅನುಸೂಚಿಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ನಡುವೆ, ರೇಡಿಯಮ್ಮಿನಿಂದ ಬರುವ ರೋಗವೂ ಇತ್ತು. ಆ ಹುಡುಗಿಯರ ಋಣ ನಮ್ಮ ಕಾನೂನಿನ ಪುಸ್ತಕದವರೆಗೂ ಬಂದಿತ್ತು. 2020ರಲ್ಲಿ ಪಾಸಾಗಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಹತ್ತು ಹೋಗಿ ಇಪ್ಪತ್ತಾಯಿತು. ಇನ್‌ಸ್ಪೆಕ್ಟರ್ ಈಗ ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’, ಅಂದರೆ ತಪಾಸಣೆಗೂ ಬರುವವನು, ಅನುಕೂಲ ಮಾಡಿಕೊಡಲಿಕ್ಕೂ ಬರುವವನು. ಬೀಗರ ಊಟಕ್ಕೆ ಬಂದವನು ಸಾರಿಗೆ ಉಪ್ಪಿಲ್ಲವೆಂದು ಹೇಳುವುದುಂಟೆ? ಅಪಾಯದ ಕೆಲಸವಾದರೆ ಒಬ್ಬನೇ ಕೆಲಸಗಾರನಿದ್ದರೂ ಸಂಹಿತೆ ಅನ್ವಯಿಸಬಹುದು, ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಎಂದು ಅದರ ಸಮರ್ಥಕರು ಹೇಳುತ್ತಾರೆ. ನಿಜ, ಹಾಗೆ ಬರೆದಿದೆ. ಆದರೆ ಯಾವುದು ಅಪಾಯ ಎಂದು ಯಾರು ಹೇಳಬೇಕು? 1920ರಲ್ಲಿ ರೇಡಿಯಂ ಅಪಾಯದ ಪಟ್ಟಿಯಲ್ಲಿರಲಿಲ್ಲ, ಟಾನಿಕ್ಕಿನ ಶೀಷೆಯಲ್ಲಿತ್ತು.

ಆದ್ದರಿಂದ ನಾವು ಕೇಳುವುದು ಮಾಲೀಕರ ಒಳ್ಳೆಯತನವನ್ನಲ್ಲ. ಅದು ಇರುವವರಲ್ಲಿ ಇರಲಿ, ಸಂತೋಷ. ನಾವು ಕೇಳುವುದು ಕಾಗದ. ಕೆಲಸಗಾರ ಮುಟ್ಟುವ ಪುಡಿ, ದ್ರವ, ಬಣ್ಣ ಏನೆಂಬುದು ಕನ್ನಡದಲ್ಲಿ ಗೋಡೆಯ ಮೇಲೆ ಇರಬೇಕು. ಅವನ ರಕ್ತ, ಉಸಿರು, ಎಕ್ಸರೇ ಪರೀಕ್ಷೆ ಮಾಡಿದರೆ ಆ ಚೀಟಿ ಮೊದಲು ಅವನ ಕೈಗೆ ಬರಬೇಕು, ಆಮೇಲೆ ಆಫೀಸಿಗೆ. ಪರೀಕ್ಷೆ ಮಾಡುವ ವೈದ್ಯನ ಸಂಬಳ ಕಂಪೆನಿಯಿಂದ ಬರಬಾರದು. ಕೆಲಸ ಬಿಟ್ಟು ಹತ್ತು ವರ್ಷದ ಮೇಲೆ ಕಾಯಿಲೆ ಬಂದರೂ ಹಕ್ಕು ಉಳಿಯಬೇಕು. ಡ್ರಿಂಕರನ ವರದಿ ರೋಡರನ ಮೇಜಿನ ಬದಲು ಗ್ರೇಸ್ ಫ್ರಯರಳ ಕೈಗೆ ಬಂದಿದ್ದರೆ, 1924ರಲ್ಲಿ ಇನ್ನೂ ಕುಂಚ ಹಿಡಿದಿದ್ದವರಾದರೂ ಅದನ್ನು ಕೆಳಗಿಡುತ್ತಿದ್ದರು.

ಉದ್ಯಮಿಗಳ ಸಂಘದವರು ಮುಂದಿನ ಸಭೆಗೆ ಯೂನಿಯನ್ನಿನವರನ್ನೂ ವೇದಿಕೆಗೆ ಕರೆದಿದ್ದಾರೆ. ನಾವು ಹೋಗುತ್ತೇವೆ. ಕಳೆದ ಐದು ವರ್ಷಗಳಲ್ಲಿ ಅವರವರ ಕಾರ್ಖಾನೆಗಳಲ್ಲಿ ಕೆಲಸಗಾರರಿಂದ ತೆಗೆದ ರಕ್ತಪರೀಕ್ಷೆ, ಎಕ್ಸರೇಗಳ ಫಲಿತಾಂಶವನ್ನು ಅಂದು ಆಯಾ ಕೆಲಸಗಾರರಿಗೆ ಹಂಚಬೇಕೆಂದು ಮುಂಚಿತವಾಗಿ ರಿಜಿಸ್ಟರ್ ಟಪಾಲಿನಲ್ಲಿ ಬರೆದಿದ್ದೇವೆ. ಕಾಗದ ಮುಟ್ಟಿದ ರಸೀದಿ ನಮ್ಮ ಕಚೇರಿಯಲ್ಲಿದೆ. ಈ ಬರಹ ಅಚ್ಚಿಗೆ ಹೋಗುವ ತನಕ ಉತ್ತರ ಬಂದಿಲ್ಲ.